ಲೈಬ್ರರಿಗೆ ಬರೋ ಮಕ್ಕಳಿಗೆ ಸುಳ್ಳು ಸುದ್ದಿ, ದ್ವೇಷದ ರೀಲ್ ಬಗ್ಗೆ ಪಾಠ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಅರಿವು_ಅಕ್ಕ
ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಕಡೆ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. ಬೋರ್ಡಿನ ಮೇಲೆ ಈಗ ‘ಅರಿವು ಕೇಂದ್ರ’ ಅಂತಿದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳು, ಪಿಯುಸಿ ಹುಡುಗ ಹುಡುಗಿಯರು ಬರುತ್ತಾರೆ. ಪೇಪರ್ ಓದುವವರು ಕಡಿಮೆ, ವೈಫೈಗೆ ಬರುವವರೇ ಜಾಸ್ತಿ.

ನಮ್ಮೂರ ಸಂತೆಗೆ ಒಬ್ಬ ಮುಸ್ಲಿಂ ಅಜ್ಜ ಹಣ್ಣು ತರುತ್ತಾರೆ. ನಾನು ಸಣ್ಣವಳಿದ್ದಾಗಿಂದ ನೋಡಿದ್ದೇನೆ. ಈಚೆಗೆ ಮಕ್ಕಳ ಇನ್‌ಸ್ಟಾದಲ್ಲಿ ಒಂದು ರೀಲ್ ಓಡಾಡಿತು. ಗಡ್ಡ ಬಿಟ್ಟ ಒಬ್ಬ ಮುದುಕ ಬೆರಳು ನೆಕ್ಕಿ ನೆಕ್ಕಿ ಗಾಡಿಯ ಹಣ್ಣು ಜೋಡಿಸುತ್ತಾನೆ. ಮೇಲೆ ಕನ್ನಡದಲ್ಲಿ ‘ಇವರ ಹತ್ರ ಹಣ್ಣು ತಗೋಬೇಡಿ’ ಅಂತ ದಪ್ಪ ಅಕ್ಷರ. ಹುಡುಗರು ನಕ್ಕು ಒಬ್ಬರಿಗೊಬ್ಬರು ಕಳಿಸಿಕೊಂಡರು. ಮುಂದಿನ ಸಂತೆಯಲ್ಲಿ ನಮ್ಮ ಅಜ್ಜನ ಗಾಡಿ ಮುಂದೆ ಜನವೇ ಇಲ್ಲ. ರೀಲ್ ಎಲ್ಲಿಯದು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ‘ಬಂತು ಅಕ್ಕಾ’ ಅಂತಾರೆ ಅಷ್ಟೇ.

ಪಿಡಿಒ ಸರ್‌ಗೆ ಹೇಳಿದೆ. ‘ಒಂದು ದಿನದ ಕಾರ್ಯಾಗಾರ ಮಾಡಿ, ಫೋಟೊ ತೆಗೆದು ಕಳಿಸಿ’ ಅಂದರು. ಒಂದು ದಿನದಲ್ಲಿ ಏನಾದೀತು ಅನ್ನೋದೇ ನನ್ನ ಅನುಮಾನ. ಯಾರಾದರೂ ಇಂಥದ್ದು ಮಾಡಿದ್ದೀರಾ?

ಬೀದರ್_ಬಿಸಿಲು
ಅಕ್ಕಾ, ನಮ್ಮ ಕಡೆಯ ಕಥೆಯಿಂದಲೇ ಶುರು ಮಾಡಿ. 2018ರ ಜುಲೈ 13, ಔರಾದ್ ಕಡೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ನಾಲ್ಕೈದು ಜನ ಸ್ನೇಹಿತರು ಕಾರಿನಲ್ಲಿ ಬಂದಿದ್ದರು. ಅವರಲ್ಲಿ ಒಬ್ಬರು ಕತಾರ್‌ನವರು. ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅಂತ ವಾಟ್ಸಾಪಿನಲ್ಲಿ ಫೋಟೊ, ವಿಡಿಯೊ ಹರಿದಾಡಿತು. ಕಾರು ಮುಂದಿನ ಊರು ಮುಟ್ಟುವ ಮೊದಲೇ ಸುದ್ದಿ ಅಲ್ಲಿ ಮುಟ್ಟಿತ್ತು. ದಾರಿಗೆ ಅಡ್ಡ ಹಾಕಿದರು, ಕಾರು ಉರುಳಿತು, ಜನ ಮುಗಿಬಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಏಟು ಬಿತ್ತು. ಸಾಫ್ಟ್‌ವೇರ್ ಕೆಲಸದಲ್ಲಿದ್ದ ಒಬ್ಬ ಯುವಕ ಸತ್ತೇಹೋದ. ಆಮೇಲೆ ಅರೆಸ್ಟ್ ಆದವರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದ.

ಅದಕ್ಕೂ ಮುಂಚೆ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಕೂಲಿ ಹುಡುಗನೊಬ್ಬನನ್ನು ಇದೇ ಅನುಮಾನದ ಮೇಲೆ ಹೊಡೆದು ಕೊಂದಿದ್ದರು.

ಆ ಕಾಲದಲ್ಲಿ ಎಲ್ಲರ ಫೋನಿನಲ್ಲೂ ಇದ್ದ ಒಂದು ವಿಡಿಯೊ ನಿಮಗೂ ನೆನಪಿರಬಹುದು. ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡ್ತಿರುತ್ತಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಹಿಂದೆ ಕೂತವನು ಒಂದು ಮಗುವನ್ನು ಎತ್ತಿಕೊಂಡು ಪರಾರಿ. ಅದು ಪಾಕಿಸ್ತಾನದ ಕರಾಚಿಯಲ್ಲಿ ‘ರೋಶನಿ ಹೆಲ್ಪ್‌ಲೈನ್’ ಅನ್ನೋ ಸಂಸ್ಥೆ ಮಾಡಿಸಿದ ಜಾಗೃತಿ ಜಾಹೀರಾತು. ಪೂರ್ತಿ ವಿಡಿಯೊದಲ್ಲಿ ಅದೇ ಬೈಕ್ ವಾಪಸ್ ಬಂದು ಮಗುವನ್ನು ಇಳಿಸುತ್ತೆ. ಅವರು ಕೈಯಲ್ಲಿ ಒಂದು ಫಲಕ ಹಿಡಿದು ತೋರಿಸುತ್ತಾರೆ. ಮಗುವನ್ನು ಕದಿಯೋಕೆ ಒಂದು ಕ್ಷಣ ಸಾಕು, ಹುಷಾರಾಗಿರಿ ಅಂತ ಅದರ ಅರ್ಥ. ನಮ್ಮ ಕಡೆ ಬಂದದ್ದರಲ್ಲಿ ಆ ಕೊನೆ ಇರಲೇ ಇಲ್ಲ. ಯಾರೋ ಬಾಲ ಕತ್ತರಿಸಿ, ಊರೂರ ಭಾಷೆಯಲ್ಲಿ ಎಚ್ಚರಿಕೆಯ ಮಾತು ಅಂಟಿಸಿ ಬಿಟ್ಟಿದ್ದರು.

ಮೊದಲು ಕತ್ತರಿಸಿದ್ದನ್ನು ತೋರಿಸಿ. ಏನು ಕಂಡಿರಿ ಅಂತ ಬರೆಸಿ. ಆಮೇಲೆ ಪೂರ್ತಿ ತೋರಿಸಿ.

ಮೇಷ್ಟ್ರು_ಕೋಲಾರ
ನಿವೃತ್ತ ಶಿಕ್ಷಕನ ಮಾತು ಅಂತ ಇಟ್ಟುಕೊಳ್ಳಿ. ಒಂದು ದಿನದ ಕಾರ್ಯಾಗಾರ ಅಂದರೆ ಬ್ಯಾನರ್, ಹಾರ, ಸ್ವಾಗತ ಗೀತೆ, ಬಿಸ್ಕೆಟ್, ಟೀ, ಗ್ರೂಪ್ ಫೋಟೊ. ನಡುವೆ ಅರ್ಧ ಗಂಟೆ ಭಾಷಣ. ಮಕ್ಕಳು ‘ಸುಳ್ಳು ಸುದ್ದಿ ನಂಬಬೇಡಿ’ ಅಂತ ಪ್ರತಿಜ್ಞೆ ಮಾಡಿ ಮನೆಗೆ ಹೋಗುತ್ತಾರೆ. ಸುಳ್ಳು ಸುದ್ದಿಯನ್ನು ‘ಇದು ಸುಳ್ಳು’ ಅಂತ ತಿಳಿದುಕೊಂಡು ಯಾರು ತಾನೇ ನಂಬುತ್ತಾರೆ ಹೇಳಿ?

ಇನ್ನೊಂದು ಮಾತು. ಮಕ್ಕಳನ್ನು ಮಾತ್ರ ಕೂರಿಸಿ ಪಾಠ ಮಾಡೋದು ಸರಿಯಲ್ಲ. ನನ್ನ ಫೋನಿಗೆ ಇಂಥವು ಬರೋದೆಲ್ಲ ನನ್ನ ವಯಸ್ಸಿನವರಿಂದಲೇ. ಬೆಳಿಗ್ಗೆ ಐದಕ್ಕೆ ಗುಲಾಬಿ ಹೂವಿನ ‘ಶುಭೋದಯ’, ಐದೂಕಾಲಿಗೆ ಬೆಂಕಿ ಹಚ್ಚೋ ಮೆಸೇಜ್.

ಅಂಕಿ_ಸಂಕಿ
ಮೇಷ್ಟ್ರು ಅನುಭವದಿಂದ ಹೇಳಿದ್ದನ್ನು ಅಳತೆ ಮಾಡಿ ನೋಡಿದವರೂ ಇದ್ದಾರೆ. ಎರಡು ಅಧ್ಯಯನ ಹೇಳ್ತೇನೆ, ಎರಡೂ ಬಿಹಾರದ್ದೇ.

ಮೊದಲನೆಯದು 2019ರ ಲೋಕಸಭಾ ಚುನಾವಣೆ ಹೊತ್ತಿನದು. ಸುಮಿತ್ರಾ ಬದರಿನಾಥನ್ ಅನ್ನೋ ಸಂಶೋಧಕಿ ಗಯಾದಲ್ಲಿ ಮಾಡಿದ್ದು. ಸುಮಾರು 1,200 ಜನ. ತರಬೇತಿ ಪಡೆದವರು ಮನೆಗೇ ಹೋಗಿ ಸುಮಾರು ಒಂದು ಗಂಟೆ ಕೂತು, ಫೋಟೊ ಹುಡುಕೋದು ಹೇಗೆ ಅಂತೆಲ್ಲ ಹೇಳಿಕೊಟ್ಟರು. ಚುನಾವಣೆ ಮುಗಿದ ಮೇಲೆ ನೋಡಿದರೆ ಒಟ್ಟಾರೆ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಒಂದು ಪಕ್ಷದ ಬೆಂಬಲಿಗರಲ್ಲಂತೂ ತಮ್ಮವರಿಗೆ ಅನುಕೂಲವಾದ ಸುದ್ದಿ ಬಂದಾಗ ಪಾಠ ತಿರುಗುಬಾಣವಾಯಿತು.

ಎರಡನೆಯದು ಈಚಿನದು, ಅಕ್ಕನಿಗೆ ಇದೇ ಬೇಕಾಗಿರೋದು. ಅವರೇ ಇನ್ನು ಮೂವರು ಸಂಶೋಧಕರ ಜೊತೆ ಸೇರಿ ಬಿಹಾರ ಸರ್ಕಾರದ ‘ಜೀವಿಕಾ’ ಸಂಸ್ಥೆಯ ಹಳ್ಳಿ ಲೈಬ್ರರಿಗಳಲ್ಲಿ ಮಾಡಿದರು. 583 ಹಳ್ಳಿ, 8ರಿಂದ 12ನೇ ಕ್ಲಾಸಿನ 13,500ಕ್ಕೂ ಜಾಸ್ತಿ ಮಕ್ಕಳು. ಅರ್ಧ ಮಕ್ಕಳಿಗೆ ಸುಳ್ಳು ಸುದ್ದಿ ಗುರುತಿಸೋ ಪಾಠ, ಇನ್ನರ್ಧಕ್ಕೆ ಇಂಗ್ಲಿಷ್ ಪಾಠ. ಮೂರು ತಿಂಗಳ ಮೇಲಿನ ಅವಧಿಗೆ ಹರಡಿದ ನಾಲ್ಕು ಕ್ಲಾಸ್. ಸ್ಥಳೀಯ ಮೇಷ್ಟ್ರುಗಳೇ ಪಾಠ ಮಾಡಿದರು, ಹೋಮ್‌ವರ್ಕ್ ಇತ್ತು. ಉದಾಹರಣೆಗಳು ಹೆಚ್ಚಾಗಿ ಆರೋಗ್ಯದ್ದು. ಪಾಠ ಕೇಳಿದ ಮಕ್ಕಳು ನಿಜ-ಸುಳ್ಳು ಬೇರೆ ಮಾಡೋದರಲ್ಲಿ ಸ್ಪಷ್ಟವಾಗಿ ಮುಂದಿದ್ದರು. ನಾಲ್ಕು ತಿಂಗಳ ಮೇಲೆ ಮತ್ತೆ ಕೇಳಿದಾಗಲೂ ಅದು ಉಳಿದಿತ್ತು. ಪಾಠದಲ್ಲಿ ಇಲ್ಲದ ರಾಜಕೀಯ ಸುದ್ದಿಗೂ ಅದನ್ನೇ ಹಚ್ಚಿದರು. ಮೇಷ್ಟ್ರೇ, ನಿಮ್ಮ ದೂರಿಗೂ ಉತ್ತರ ಇದೆ ನೋಡಿ: ಆ ಮಕ್ಕಳ ಅಪ್ಪ ಅಮ್ಮಂದಿರೂ ಸುಧಾರಿಸಿದ್ದರು.

ಬಿಹಾರದಲ್ಲಿ ಹಳ್ಳಿ ಲೈಬ್ರರಿಯಲ್ಲಿ ಆದದ್ದು ನಮ್ಮಲ್ಲಿ ಆಗಲ್ಲ ಅನ್ನೋಕೆ ಕಾರಣವೇ ಇಲ್ಲ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಲೈಬ್ರರಿಗಳು ಐದೂವರೆ ಸಾವಿರಕ್ಕೂ ಜಾಸ್ತಿ ಇವೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಮಕ್ಕಳೂ ಬರ್ತಿದ್ದಾರೆ.

ಸುಮ್ನೆ_ಕೇಳ್ದೆ
ಎಲ್ಲ ಸರಿ. ಆದ್ರೆ ಯಾವುದು ಸುಳ್ಳು, ಯಾವುದು ದ್ವೇಷ ಅಂತ ನಿರ್ಧಾರ ಮಾಡೋರು ಯಾರು? ಫ್ಯಾಕ್ಟ್ ಚೆಕ್, ಅಂದ್ರೆ ಸುದ್ದಿ ನಿಜವಾ ಅಂತ ಪರೀಕ್ಷೆ, ಮಾಡೋರೂ ಯಾವುದೋ ಒಂದು ಕಡೆಯವರೇ. ನಮ್ಮ ಕಡೆಯವರ ಸುಳ್ಳು ಮಾತ್ರ ಹುಡುಕ್ತಾರೆ, ಆ ಕಡೆಯವರದ್ದು ಬಿಡ್ತಾರೆ. ಕೊನೆಗೆ ಲೈಬ್ರರಿ ಮೇಡಂ ತಮಗೆ ಬೇಕಾದ ರಾಜಕೀಯ ತುಂಬ್ತಾರೆ ಅಂತ ಪೋಷಕರು ಜಗಳಕ್ಕೆ ಬಂದರೆ?

ಡೆಸ್ಕ್_ಹಳಬ
ಪ್ರಶ್ನೆ ಸರಿಯಾಗಿಯೇ ಇದೆ, ನಕ್ಕು ತಳ್ಳಿಹಾಕಬೇಡಿ. ಇದು ಸರ್ಕಾರಕ್ಕೂ ತಟ್ಟಿದ ಪ್ರಶ್ನೆ. ಕೇಂದ್ರ ಸರ್ಕಾರ ತನ್ನ ಬಗ್ಗೆ ಬರುವ ಸುದ್ದಿ ಸುಳ್ಳೋ ನಿಜವೋ ಅಂತ ತಾನೇ ಹೇಳಲು ಫ್ಯಾಕ್ಟ್ ಚೆಕ್ ಘಟಕ ಮಾಡುವ ನಿಯಮ ತಂದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಅದಕ್ಕೇ ಮಕ್ಕಳಿಗೆ ತೀರ್ಪು ಕೊಡಬೇಡಿ, ಹುಡುಕೋ ದಾರಿ ಕೊಡಿ. ನಾನು ಪತ್ರಿಕೆಯ ಡೆಸ್ಕಿನಲ್ಲಿ ತುಂಬಾ ವರ್ಷ ಇದ್ದವನು. ಅಲ್ಲಿ ಹೊಸಬರಿಗೆ ಮೊದಲು ಹೇಳಿಕೊಡ್ತಿದ್ದುದು ಇಷ್ಟೇ: ಸುದ್ದಿಯನ್ನೇ ದಿಟ್ಟಿಸಿ ನೋಡ್ತಾ ಕೂರಬೇಡ, ಅದರಿಂದ ಹೊರಗೆ ಬಾ. ಬೇರೆ ಟ್ಯಾಬ್ ತೆರೆ. ಇದನ್ನು ಹೇಳ್ತಿರೋದು ಯಾರು, ಬೇರೆ ಯಾರು ಹೇಳಿದ್ದಾರೆ, ಮೊದಲು ಎಲ್ಲಿ ಬಂತು ಅಂತ ನೋಡು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್ ತಂಡ ಪರೀಕ್ಷೆ ಮಾಡಿದಾಗ, ಇತಿಹಾಸದ ಪ್ರೊಫೆಸರ್‌ಗಳೂ ಒಳ್ಳೆಯ ಕಾಲೇಜಿನ ಹುಡುಗರೂ ವೆಬ್‌ಸೈಟಿನ ಚಂದದ ಲೋಗೊ ನೋಡಿ ಮೋಸ ಹೋದರು. ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು ಕೆಲವೇ ಕ್ಷಣದಲ್ಲಿ ಆ ಪುಟ ಬಿಟ್ಟು ಹೊರಗೆ ಹೋಗಿ ವಿಚಾರಿಸಿದರು. ಓದಿನ ಮಟ್ಟದ ವ್ಯತ್ಯಾಸ ಅಲ್ಲ ಅದು, ಅಭ್ಯಾಸದ್ದು.

ವಿಡಿಯೊ ಆದರೆ ನಿಲ್ಲಿಸಿ. ಮುಖಕ್ಕಿಂತ ಹಿಂದಿನ ಅಂಗಡಿ, ರಸ್ತೆ ಚೆನ್ನಾಗಿ ಕಾಣೋ ಕಡೆ ಒಂದು ಸ್ಕ್ರೀನ್‌ಶಾಟ್ ತೆಗೆಯಿರಿ. ಫೋಟೊ ಕೊಟ್ಟರೆ ಅಂಥದ್ದು ಎಲ್ಲೆಲ್ಲಿದೆ ಅಂತ ಹುಡುಕಿಕೊಡೋ ಗೂಗಲ್ ಲೆನ್ಸ್‌ಗೆ ಹಾಕಿ. ಸಿಗಲಿಲ್ಲ ಅಂದರೆ ಬೇರೆ ಕಡೆ ನಿಲ್ಲಿಸಿ ಇನ್ನೊಂದು. ಕನ್ನಡದಲ್ಲಿ ಮಾತ್ರ ಹುಡುಕಿದರೆ ಸಾಲದು, ಎಷ್ಟೋ ಸಲ ಮೂಲ ಹಿಂದಿಯಲ್ಲೋ ತೆಲುಗಿನಲ್ಲೋ ಇರುತ್ತೆ. ಗಾಡಿಯ ನಂಬರ್ ಪ್ಲೇಟ್ ಕೆಎನಾ, ಎಂಪಿನಾ? ಅಂಗಡಿ ಬೋರ್ಡ್ ಯಾವ ಲಿಪಿ? ಹಿಂದೆ ಹೋಗ್ತಿರೋ ಬಸ್ಸಿನ ಬಣ್ಣ ಏನು? ಮಕ್ಕಳಿಗೆ ಇದು ಪತ್ತೇದಾರಿ ಆಟದ ಥರ ಹಿಡಿಸುತ್ತೆ. ನಮಗಿಂತ ಬೇಗ ಹಿಡೀತಾರೆ ಕೂಡ.

ಉದಾಹರಣೆಗೆ ರಾಜಕೀಯದ ಹತ್ತಿರ ಮೊದಲೇ ಹೋಗಬೇಡಿ. 2016ರ ನವೆಂಬರ್‌ನಲ್ಲಿ ಹೊಸ 2,000 ರೂಪಾಯಿ ನೋಟಿನಲ್ಲಿ ಚಿಪ್ ಇದೆ, ನೆಲದೊಳಗೆ ಹೂತಿಟ್ಟರೂ ಉಪಗ್ರಹ ಕಂಡುಹಿಡಿಯುತ್ತೆ ಅಂದಿದ್ದರಲ್ಲ? ವಾಟ್ಸಾಪ್ ಒಂದೇ ಅಲ್ಲ, ಟಿವಿ ಚಾನೆಲ್‌ಗಳೂ ಗ್ರಾಫಿಕ್ಸ್ ಹಾಕಿ ತೋರಿಸಿದವು. ರಿಸರ್ವ್ ಬ್ಯಾಂಕ್ ಕೊಟ್ಟ ನೋಟಿನ ವಿವರದಲ್ಲಿ ಚಿಪ್ಪಿನ ಸುದ್ದಿಯೇ ಇರಲಿಲ್ಲ. ಅದರಿಂದ ಶುರು ಮಾಡಿ. ನಕ್ಕು ನಕ್ಕು ಕಲೀತಾರೆ. ‘ಟಿವಿಯಲ್ಲಿ ಬಂದಿದೆ’ ಅನ್ನೋದು ಪುರಾವೆ ಅಲ್ಲ ಅಂತಲೂ ಗೊತ್ತಾಗುತ್ತೆ. 2020ರ ಫೆಬ್ರವರಿ, ಮಾರ್ಚ್‌ನಲ್ಲಿ ಕೋಳಿ ತಿಂದರೆ ಕೊರೊನಾ ಅಂತ ಹಬ್ಬಿದ್ದೂ ಒಳ್ಳೆಯ ಉದಾಹರಣೆ. ಬೆಳಗಾವಿ ಕಡೆ ಸಾಕಣೆದಾರರು ಸಾವಿರಾರು ಜೀವಂತ ಕೋಳಿ ಗುಂಡಿಗೆ ಹಾಕಿ ಮುಚ್ಚಿದರು. ಒಂದು ಸುಳ್ಳು ಸುದ್ದಿಗೆ ರೈತ ಎಷ್ಟು ತೆತ್ತ ಅಂತ ಹಳ್ಳಿ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಅಕ್ಕಾ, ನಿಮ್ಮ ಹಣ್ಣಿನ ರೀಲ್ ಬಗ್ಗೆ ನನಗೊಂದು ಊಹೆ ಇದೆ. ನಾನು ಹೇಳಲ್ಲ, ಮಕ್ಕಳ ಕೈಲೇ ಹುಡುಕಿಸಿ.

ಕುಡ್ಲದ_ಹುಡುಗಿ
ನಾನು ಮಂಗಳೂರಲ್ಲಿ ಡಿಗ್ರಿ ಓದ್ತಿದ್ದೇನೆ. ದೊಡ್ಡವರೆಲ್ಲ ಸುಳ್ಳು ಸುದ್ದಿ ಬಗ್ಗೆಯೇ ಮಾತಾಡ್ತಿದ್ದೀರಿ. ನಮ್ಮ ಫೋನಿಗೆ ಬರೋದರಲ್ಲಿ ಅರ್ಧಕ್ಕಿಂತ ಜಾಸ್ತಿ ಸುದ್ದಿಯೇ ಅಲ್ಲ, ಮೀಮ್. ಅದರಲ್ಲಿ ನಿಜವೂ ಇಲ್ಲ, ಸುಳ್ಳೂ ಇಲ್ಲ. ಒಂದು ಜಾತಿ, ಒಂದು ಧರ್ಮ, ಕಪ್ಪಗಿರೋರು, ಉತ್ತರ ಭಾರತದ ಕೂಲಿಯವರು, ಟ್ರಾನ್ಸ್ ಜನ, ಯಾರನ್ನಾದರೂ ಹಿಡಿದು ಅಸಹ್ಯವಾಗಿ ನಗಾಡೋದು. ಕೇಳಿದರೆ ‘ತಮಾಷೆಗೆ ಮಾರಾಯ್ತಿ, ಸೀರಿಯಸ್ ಯಾಕೆ ಆಗ್ತಿ’ ಅಂತಾರೆ. ಇದಕ್ಕೆ ಗೂಗಲ್ ಲೆನ್ಸ್ ಏನು ಮಾಡುತ್ತೆ?

ನಾವು ಕೆಲವು ಗೆಳತಿಯರು ಮಾಡಿಕೊಂಡಿರೋ ಪದ್ಧತಿ ಹೇಳ್ತೇನೆ. ಕ್ಲಾಸ್ ಗ್ರೂಪಲ್ಲಿ ಇಂಥದ್ದು ಬಂದಾಗ ಒಬ್ಬಳೇ ಉತ್ತರ ಕೊಡಲ್ಲ. ಒಬ್ಬಳು ‘ಇದು ಚೆನ್ನಾಗಿಲ್ಲ, ತೆಗಿ’ ಅಂತ ಹಾಕಿದ ಕೂಡಲೇ ಇನ್ನಿಬ್ಬರು ಅದಕ್ಕೆ ಜೊತೆ ಆಗ್ತಾರೆ. ಒಬ್ಬಳೇ ಆದರೆ ಅವಳ ಮೇಲೆಯೇ ಮೀಮ್ ಬರುತ್ತೆ. ಮೂವರಾದರೆ ಗುಂಪು ಸುಮ್ಮನಾಗುತ್ತೆ. ಯಾರನ್ನು ಆಡಿಕೊಂಡಿದ್ದಾರೋ ಅವರು ನಮ್ಮ ಕ್ಲಾಸಲ್ಲೇ ಇದ್ದರೆ ಮೊದಲು ಅವರಿಗೆ ಪ್ರತ್ಯೇಕ ಮೆಸೇಜ್ ಮಾಡ್ತೇವೆ. ವಾದಕ್ಕಿಂತ ಅದೇ ಮುಖ್ಯ. ದೊಡ್ಡ ಪೇಜುಗಳ ಪೋಸ್ಟ್ ಆದರೆ ಬೈಯಲಿಕ್ಕೂ ಕಮೆಂಟ್ ಹಾಕಲ್ಲ, ಸ್ಟೋರಿಗೂ ಹಾಕಲ್ಲ. ನಾವು ಬೈದರೂ ಅವರಿಗೆ ಲಾಭವೇ, ಇನ್ನಷ್ಟು ಜನರಿಗೆ ಹೋಗುತ್ತೆ. ರಿಪೋರ್ಟ್ ಹೊಡೆದು ಮುಂದೆ ಹೋಗ್ತೇವೆ.

ಸ್ವೀಡನ್‌ನಲ್ಲಿ 2016ರಲ್ಲಿ ಮೀನಾ ಡೆನ್ನರ್ಟ್ ಅನ್ನೋ ಪತ್ರಕರ್ತೆ ‘ನಾನು ಇಲ್ಲಿದ್ದೇನೆ’ ಅನ್ನೋ ಹ್ಯಾಶ್‌ಟ್ಯಾಗ್ ಗುಂಪು ಶುರು ಮಾಡಿದ್ದರು. ದ್ವೇಷ ತುಂಬಿದ ಕಮೆಂಟ್ ಪಟ್ಟಿಗಳಿಗೆ ಸಾವಿರಾರು ಜನ ಒಟ್ಟಿಗೆ ಹೋಗಿ ಸಮಾಧಾನವಾಗಿ ಬರೆಯೋದು, ಒಬ್ಬರಿಗೊಬ್ಬರು ಲೈಕ್ ಒತ್ತೋದು. ಕಿರುಚೋನ ಮನಸ್ಸು ಬದಲಾಯಿಸೋದು ಅಲ್ಲ ಉದ್ದೇಶ. ಸುಮ್ಮನೆ ಓದ್ತಿರೋ ನೂರು ಜನರಿಗೆ ‘ಎಲ್ಲರೂ ಹೀಗೇ ಯೋಚಿಸ್ತಾರೆ’ ಅಂತ ಅನ್ನಿಸಬಾರದು, ಅಷ್ಟೇ.

ಮೆಜೆಸ್ಟಿಕ್_ಮಂಜಣ್ಣ
ವಾಟ್ಸಾಪ್ ಬಂದ ಮೇಲೆ ಹಾಳಾಯಿತು ಅನ್ನೋರಿಗೆ 2012 ನೆನಪು ಮಾಡ್ತೀನಿ. ಆಗಸ್ಟ್ ತಿಂಗಳು. ಅಸ್ಸಾಂನ ಕೋಕ್ರಾಝಾರ್ ಕಡೆ ಗಲಭೆ ಆಗಿತ್ತು. ಈಶಾನ್ಯದವರ ಮೇಲೆ ರಂಜಾನ್ ಮುಗಿದ ಮೇಲೆ ಸೇಡು ತೀರಿಸಿಕೊಳ್ತಾರೆ ಅಂತ ಬೆಂಗಳೂರಲ್ಲಿ ಎಸ್ಸೆಮ್ಮೆಸ್ ಹಬ್ಬಿತು. ನಮ್ಮ ಲಾಡ್ಜ್ ಪಕ್ಕದ ಬ್ಯೂಟಿ ಪಾರ್ಲರ್ ಹುಡುಗಿಯರು, ಎಟಿಎಂ ಸೆಕ್ಯುರಿಟಿ ಹುಡುಗರು, ಒಂದೇ ರಾತ್ರಿ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಸಿಟಿ ಸ್ಟೇಷನ್ ಕಡೆ ಹೊರಟರು. ಗುವಾಹಟಿಗೆ ಸ್ಪೆಷಲ್ ಟ್ರೈನ್ ಬಿಡಬೇಕಾಯಿತು. ಸಾವಿರಾರು ಜನ. ಗೃಹ ಸಚಿವರೇ ಸ್ಟೇಷನ್‌ಗೆ ಬಂದು ಹೋಗಬೇಡಿ ಅಂತ ಕೈಮುಗಿದರೂ ಕೇಳಲಿಲ್ಲ. ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಮಿತಿ ಹಾಕಿತು. ಅದೇ ಹೊತ್ತಿಗೆ ಬರ್ಮಾದ ಹತ್ಯಾಕಾಂಡ ಅಂತ ಒಂದು ಫೋಟೊ ಓಡಾಡಿತ್ತು, ಹೆಣದ ರಾಶಿ ಮುಂದೆ ಬೌದ್ಧ ಭಿಕ್ಷುಗಳು ನಿಂತಿರೋದು. ಅದು 2010ರಲ್ಲಿ ಚೀನಾದ ಟಿಬೆಟನ್ ಪ್ರದೇಶದ ಭೂಕಂಪದ್ದು. ಆ ಭಿಕ್ಷುಗಳು ಸತ್ತವರ ಅಂತ್ಯಕ್ರಿಯೆಗೆ ಬಂದವರು.

ಇದರಲ್ಲಿ ಓಡಿದವರೇನೂ ದಡ್ಡರಲ್ಲ. ದಿನಾ ರಸ್ತೆಯಲ್ಲಿ ‘ಚಿಂಕಿ’ ಅನ್ನಿಸಿಕೊಂಡವರು ಆ ಮೆಸೇಜ್ ನಂಬದೆ ಏನು ಮಾಡ್ತಾರೆ?

ಬೀದರ್_ಬಿಸಿಲು
ಮಂಜಣ್ಣ ಹೇಳಿದ್ದು ನೋಡಿ ನನಗೂ ಒಂದು ಹೊಳೆಯಿತು. 2018ರಲ್ಲಿ ಮಕ್ಕಳ ಕಳ್ಳರ ಹೆಸರಲ್ಲಿ ಏಟು ತಿಂದವರ ಪಟ್ಟಿ ಮಾಡಿ. ಚಾಮರಾಜಪೇಟೆಯಲ್ಲಿ ಹೊರ ರಾಜ್ಯದ ಕೂಲಿ. ಹೈದರಾಬಾದಿನಲ್ಲಿ ಒಬ್ಬ ಟ್ರಾನ್ಸ್ ಮಹಿಳೆ. ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಭಿಕ್ಷೆಗೆ ಬಂದ ಅಲೆಮಾರಿ ಸಮುದಾಯದ ಐದು ಜನ, ಜುಲೈ 1ರಂದು, ಒಂದೇ ಕಡೆ. ಊರ ಗೌಡರ ಮಗನನ್ನು ಯಾರಾದರೂ ಹೊಡೆದರಾ? ವದಂತಿ ಎಲ್ಲರಿಗೂ ಒಂದೇ ಇತ್ತು, ಏಟು ಮಾತ್ರ ಹುಡುಕಿಕೊಂಡು ಹೋಗಿ ಬಿತ್ತು. ವಿಡಿಯೊ ಎಲ್ಲಿಯದು ಅನ್ನೋದರ ಜೊತೆಗೆ ಇದನ್ನೂ ಮಕ್ಕಳ ಕೈಲಿ ಕೇಳಿಸಬೇಕು.

ಸುಮ್ನೆ_ಕೇಳ್ದೆ
ಇದು ಒಪ್ಪಿದೆ. ಆದ್ರೂ ಎಲ್ಲ ಕಡೆಯ ಉದಾಹರಣೆನೂ ಇರಲಿ ಅನ್ನೋ ನನ್ನ ಮಾತು ಹಿಂದಕ್ಕೆ ತಗೊಳ್ಳಲ್ಲ.

ನಿರ್ವಾಹಕ
ಮೂರು ಕಮೆಂಟ್ ತೆಗೆದಿದ್ದೇನೆ. ಪಕ್ಷದ ಜಗಳಕ್ಕೆ ಬೇರೆ ಕಟ್ಟೆ ಇದೆ.

ಅರಿವು_ಅಕ್ಕ
ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಪಿಯುಸಿಯ ಮೂವರನ್ನು ಕೂರಿಸಿ ಆ ರೀಲ್ ಹುಡುಕಿಸಿದೆ. ಡೆಸ್ಕ್ ಅಣ್ಣ ಹೇಳಿದ ಹಾಗೆ ನಿಲ್ಲಿಸಿ, ಗಾಡಿ ಕಾಣೋ ಕಡೆ ಸ್ಕ್ರೀನ್‌ಶಾಟ್. ಮೊದಲನೆಯದಕ್ಕೆ ಬರೀ ಹಣ್ಣಿನ ಅಂಗಡಿ ಜಾಹೀರಾತು ಬಂತು. ಇನ್ನೊಂದು ಹಾಕಿದಾಗ ಹಿಂದಿ, ಇಂಗ್ಲಿಷ್ ಸುದ್ದಿಗಳ ಸಾಲೇ ಬಂತು. ಮಧ್ಯಪ್ರದೇಶದ ರಾಯ್‌ಸೇನ್‌ನದು. 2020ರ ಏಪ್ರಿಲ್‌ನಲ್ಲಿ ಕೊರೊನಾ ಹರಡಲು ಹೀಗೆ ಮಾಡ್ತಿದ್ದಾನೆ ಅಂತ ವೈರಲ್ ಆಗಿತ್ತು. ತೆಗೆದದ್ದು ಮಾತ್ರ ಫೆಬ್ರವರಿಯಲ್ಲಿ, ಲಾಕ್‌ಡೌನ್‌ಗೂ ಮುಂಚೆ. ಆ ಮುದುಕನ ಮನಸ್ಸು ಸ್ಥಿಮಿತದಲ್ಲಿಲ್ಲ ಅಂತ ಮನೆಯವರು ಹೇಳಿದ್ದರು. ಆ ಹಳೇ ವಿಡಿಯೊಗೇ ಈಗ ಹೊಸ ಹಾಡು, ಹೊಸ ಕನ್ನಡ ಅಕ್ಷರ ಹಾಕಿ ಬಿಟ್ಟಿದ್ದಾರೆ.

ಇಲ್ಲಿ ಒಂದು ತೊಡಕು ಬಂತು. ಒಬ್ಬ ಹುಡುಗ ಕೇಳಿದ, ‘ಅಕ್ಕಾ, ಹಳೇದು ಸರಿ, ಆದ್ರೆ ವಿಡಿಯೊ ಸುಳ್ಳಲ್ಲವಲ್ಲ? ಆತ ಬೆರಳು ನೆಕ್ಕಿದ್ದು ನಿಜವೇ ಅಲ್ವಾ?’ ಹೌದು, ನಿಜವೇ. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಪಕ್ಕದ ಹುಡುಗಿ ಅಂದಳು, ‘ನಮ್ಮ ಕಿರಾಣಿ ಅಂಗಡಿ ಮಾವ ದಿನಾ ಬೆರಳಿಗೆ ಎಂಜಲು ಹಚ್ಚಿ ಕ್ಯಾರಿಬ್ಯಾಗ್ ಬಿಡಿಸ್ತಾನೆ. ಆತನ ಜಾತಿಯವರ ಅಂಗಡಿಗೆಲ್ಲ ಹೋಗಬೇಡಿ ಅಂತ ಯಾರೂ ರೀಲ್ ಮಾಡಿಲ್ಲ.’ ಎಲ್ಲರೂ ಜೋರಾಗಿ ನಕ್ಕರು. ಆಮೇಲೆ ಅದರ ಮೇಲೆಯೇ ಅರ್ಧ ಗಂಟೆ ಮಾತಾಯಿತು. ಒಬ್ಬ ಮಾಡಿದ್ದಕ್ಕೆ ಒಂದು ಕುಲವೇ ಉತ್ತರ ಕೊಡಬೇಕು ಅನ್ನೋದನ್ನ ನಾವು ಯಾರಿಗೆ ಹಚ್ಚುತ್ತೇವೆ, ಯಾರಿಗೆ ಹಚ್ಚಲ್ಲ ಅಂತ. ನನ್ನ ನಾಲ್ಕು ಕ್ಲಾಸಿನಲ್ಲಿ ಒಂದು ಪೂರ್ತಿ ಇದಕ್ಕೇ ಇಡ್ತೇನೆ.

ಇನ್ನೊಂದು ಪ್ರಶ್ನೆ. ಅದೇ ಹುಡುಗಿ, ‘ಇದನ್ನ ಮನೆ ಗ್ರೂಪಿಗೆ ಹಾಕಿದ್ದು ನಮ್ಮ ದೊಡ್ಡಪ್ಪ. ಅವರಿಗೆ ಹೇಗೆ ಹೇಳಲಿ?’ ಅಂದಳು. ಯಾರಾದರೂ ಅನುಭವಸ್ಥರು ಹೇಳಿ.

ಶಾರದೆ_ಸೊಸೆ
ಅಯ್ಯೋ, ಇದು ನನ್ನ ವಿಷಯ. ಗ್ರೂಪಿನಲ್ಲಿ ಎಲ್ಲರೆದುರು ‘ಇದು ಫೇಕ್’ ಅಂತ ಲಿಂಕ್ ಹಾಕಿದರೆ ಮುಗೀತು. ‘ನಿನ್ನೆ ಮೊನ್ನೆ ಕಣ್ಣು ಬಿಟ್ಟವಳು ನನಗೆ ಬುದ್ಧಿ ಹೇಳ್ತೀಯಾ’ ಅಂತ ಹಬ್ಬದ ಊಟದ ಎಲೆ ಮುಂದೆಯೂ ಅದೇ ಮಾತು ಬರುತ್ತೆ. ಗ್ರೂಪ್ ಬಿಡಿ, ದೊಡ್ಡಪ್ಪನಿಗೆ ಪ್ರತ್ಯೇಕ ಬರೀರಿ. ತಪ್ಪು ತೋರಿಸಬೇಡಿ, ಕೇಳಿ. ನಾನು ಮಾವನವರಿಗೆ ಬರೆಯೋದು ಹೀಗೆ:

‘ಮಾವ, ನೀವು ಕಳಿಸಿದ ವಿಡಿಯೊ ನೋಡಿದೆ. ಎಲ್ಲಿಯದು ಅಂತ ಹುಡುಕಿದೆ, ಮಧ್ಯಪ್ರದೇಶದ್ದು ಅಂತ ಬರ್ತಿದೆ, 2020ರದ್ದು. ನಿಮಗೆ ಯಾರು ಕಳಿಸಿದ್ರು? ಅವರಿಗೂ ಒಮ್ಮೆ ತಿಳಿಸ್ತೀರಾ?’

ಕೊನೆಯ ಸಾಲು ನೋಡಿ. ತಪ್ಪು ಮಾವನದ್ದಲ್ಲ, ಅವರಿಗೆ ಕಳಿಸಿದವರದ್ದು ಅಂತಾಯಿತು. ಮಾವ ಈಗ ತಿದ್ದೋ ಕಡೆ ನಿಂತರು. ಎಲ್ಲ ಸಲವೂ ಫಲಿಸಲ್ಲ. ನಮ್ಮ ಸೋದರತ್ತೆಯೊಬ್ಬರಿಗೆ ಯಾವುದೂ ನಾಟಲ್ಲ, ಅದು ಬೇರೆ ಮಾತು. ಆದ್ರೆ ಮಾವ ಈಗ ಕಳಿಸೋ ಮೊದಲು ‘ಸ್ವಲ್ಪ ನೋಡಮ್ಮ ಇದು’ ಅಂತ ನನಗೇ ಹಾಕ್ತಾರೆ.

ಮೆಸೇಜಿನ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ತುಂಬಾ ಕೈ ದಾಟಿ ಬಂದದ್ದು ಅಂತ ಮಕ್ಕಳು ಮನೆಯಲ್ಲಿ ತೋರಿಸಲಿ. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೇ ಕಳಿಸಲು ಆಗೋದು. ‘ನನ್ನ ಫೋನ್ ಕೆಟ್ಟಿದೆ, ಐದು ಜನಕ್ಕೆ ಹೋಗ್ತಿಲ್ಲ’ ಅಂತ ಅಂಗಡಿಗೆ ಹೊರಟಿದ್ದವರು ನಮ್ಮನೇಲೇ ಇದ್ದಾರೆ!

ಕಾನೂನು_ಕಟ್ಟೆ
ವಕೀಲೆಯಾಗಿ ಎರಡು ಮಾತು ಸೇರಿಸ್ತೇನೆ, ಮಕ್ಕಳು ಖಂಡಿತ ಕೇಳ್ತಾರೆ. ಗುಂಪುಗಳ ನಡುವೆ ದ್ವೇಷ ಹುಟ್ಟಿಸೋದು ಈಗ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್, ಮೊದಲು ಐಪಿಸಿ 153ಎ ಇದ್ದದ್ದು. ಗಲಭೆಗೆ ದಾರಿ ಮಾಡೋ ಸುಳ್ಳು ವದಂತಿಗೆ 353. ಎರಡಕ್ಕೂ ಮೂರು ವರ್ಷದವರೆಗೆ ಜೈಲು ಆಗಬಹುದು. ‘ಫಾರ್ವರ್ಡ್ ಮಾಡಿದೆ ಅಷ್ಟೇ, ಬರೆದದ್ದು ನಾನಲ್ಲ’ ಅಂದ ಮಾತ್ರಕ್ಕೆ ಬಚಾವಾಗಲ್ಲ. ಗ್ರೂಪಲ್ಲಿ ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಅನ್ನೋ ಕಾರಣಕ್ಕೇ ಹೊಣೆ ಹೊರಿಸೋಕೆ ಆಗಲ್ಲ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ನಮ್ಮ ರಾಜ್ಯದ್ದೇ ದ್ವೇಷ ಭಾಷಣದ ಮಸೂದೆ 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಗದ್ದಲದ ನಡುವೆ ಪಾಸಾಯಿತು.

ಆದರೆ ಅಕ್ಕಾ, ಕಾನೂನಿನ ಹೆದರಿಕೆಯಿಂದ ಪಾಠ ಶುರು ಮಾಡಬೇಡಿ. ಹೆದರಿದ ಮಕ್ಕಳು ಫಾರ್ವರ್ಡ್ ನಿಲ್ಲಿಸಲ್ಲ, ನಿಮ್ಮ ಮುಂದೆ ಫೋನ್ ತೆಗೆಯೋದು ನಿಲ್ಲಿಸ್ತಾರೆ. ಹೆಣ್ಣುಮಕ್ಕಳ ಫೋಟೊ ತಿದ್ದಿ ಹಾಕಿದ್ದು ಗೊತ್ತಾದರೆ ಮಾತ್ರ ತಡ ಮಾಡಬೇಡಿ. ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ, ಚಿಕ್ಕ ಮಕ್ಕಳಾದರೆ 1098ಕ್ಕೆ ಫೋನ್ ಮಾಡಿ.

ಕುಡ್ಲದ_ಹುಡುಗಿ
ಮೇಡಂ ಹೇಳಿದ್ದಕ್ಕೆ ಸೇರಿಸಿ, ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್ ಪಾಠದಲ್ಲಿ ಇರಲಿ. 2023ರ ನವೆಂಬರ್‌ನದು. ನಮ್ಮ ಕೊಡಗಿನವರು, ಮಕ್ಕಳಿಗೆಲ್ಲ ಗೊತ್ತು. ಲಿಫ್ಟಿನೊಳಗೆ ಬರೋ ಹುಡುಗಿಯ ಮುಖ ಬದಲಾಯಿಸಿದ್ದರು. ವಿಡಿಯೊದ ಮೊದಲ ಸೆಕೆಂಡ್ ನಿಲ್ಲಿಸಿ ನಿಲ್ಲಿಸಿ ನೋಡಿದರೆ ನಿಜವಾದ ಹುಡುಗಿಯ ಮುಖವೇ ಕಾಣುತ್ತೆ, ಒಳಗೆ ಬರುವಷ್ಟರಲ್ಲಿ ಬದಲಾಗುತ್ತೆ. ಆದ್ರೆ ನನಗೆ ಅದಕ್ಕಿಂತ ಹೆಚ್ಚು ಕಾಡಿದ್ದು, ಮಾಡಿದವನು ಸಿಕ್ಕಾಗ ಹೇಳಿದ ಕಾರಣ. ದ್ವೇಷ ಏನೂ ಇಲ್ಲ, ಅವನು ಅವರದೇ ಫ್ಯಾನ್ ಪೇಜ್ ನಡೆಸ್ತಿದ್ದವನು. ಫಾಲೋವರ್ಸ್ ಜಾಸ್ತಿ ಆಗಲಿ ಅಂತ ಮಾಡಿದ್ದಂತೆ. ಹಣ್ಣಿನ ರೀಲಿಗೆ ಹೊಸ ಹಾಡು ಹಾಕಿದವನಿಗೂ ನಿಮ್ಮೂರ ಅಜ್ಜನ ಮೇಲೆ ಸಿಟ್ಟು ಇರಲಿಕ್ಕಿಲ್ಲ. ಇದರಿಂದ ದುಡ್ಡು, ವ್ಯೂಸ್ ಯಾರಿಗೆ ಅಂತಲೂ ಮಕ್ಕಳು ಕೇಳಬೇಕು.

ಮೇಷ್ಟ್ರು_ಕೋಲಾರ
ಅಮ್ಮಾ ಅರಿವು ಅಕ್ಕ, ನಾಲ್ಕು ಕ್ಲಾಸ್ ಮಾಡೋದಾದರೆ ಪಿಡಿಒಗೆ ಏನು ಹೇಳ್ತೀರಿ? ಅವರಿಗೆ ಫೋಟೊ ಬೇಕಲ್ಲ.

ಅರಿವು_ಅಕ್ಕ
ಫೋಟೊ ನಾಲ್ಕು ಸಲ ಕಳಿಸ್ತೀನಿ ಮೇಷ್ಟ್ರೇ, ಇನ್ನೂ ಖುಷಿ ಪಡ್ತಾರೆ.

ಸದ್ಯಕ್ಕೆ ಯೋಚನೆ ಹೀಗಿದೆ. ಮೂರು ವಾರಕ್ಕೊಂದು ಶನಿವಾರ. ಮೊದಲ ಕ್ಲಾಸಿಗೆ ಚಿಪ್ ನೋಟು, ಕೋಳಿ, ಮತ್ತೆ 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆ ಬಗ್ಗೆ ಹಬ್ಬಿಸಿದ್ದು. ಆಶಾ ಅಕ್ಕನನ್ನೂ ಕರೀತೀನಿ, ಮನೆ ಮನೆಯಲ್ಲಿ ಅವರಿಗೇ ಅದರ ಬಿಸಿ ತಟ್ಟಿದ್ದು. ಎರಡನೆಯದು ಹುಡುಕೋದು ಹೇಗೆ, ಕರಾಚಿ ವಿಡಿಯೊ ಜೊತೆ. ಮೂರನೆಯದು ಪೂರ್ತಿ ‘ಏಟು ಯಾರಿಗೆ ಬಿತ್ತು’, ಇದಕ್ಕೆ ಮುರ್ಕಿ, ಧುಳೆ, 2012, ನಮ್ಮ ಕ್ಯಾರಿಬ್ಯಾಗ್ ಮಾವ. ಕೊನೆಯದರಲ್ಲಿ ದೊಡ್ಡಪ್ಪನಿಗೆ ಬರೆಯೋದು, ಗ್ರೂಪಲ್ಲಿ ಮೂವರು ಸೇರಿ ಮಾತಾಡೋದು. ಹುಡುಗರ ಕೈಲಿ ನಾಟಕದ ಥರ ಮಾಡಿಸ್ತೀನಿ, ದೊಡ್ಡಪ್ಪನ ಪಾತ್ರಕ್ಕೆ ಈಗಾಗಲೇ ಕಿತ್ತಾಟ ಶುರುವಾಗಿದೆ. ಹೋಮ್‌ವರ್ಕ್ ಅಂದರೆ ಮನೆಯವರ ಫೋನಿಂದ ಎರಡು ಬಾಣದ ಒಂದು ಮೆಸೇಜ್ ತರೋದು. @ಸುಮ್ನೆ_ಕೇಳ್ದೆ, ಉದಾಹರಣೆಗಳನ್ನು ಮಕ್ಕಳೇ ತರ್ತಾರೆ, ಎಲ್ಲ ಕಡೆಯದ್ದೂ ಬಂದೇ ಬರುತ್ತೆ.

ಸುಮ್ನೆ_ಕೇಳ್ದೆ
ಸರಿ. ಎಲ್ಲ ಕಡೆಯವು ಬರಲಿಲ್ಲ ಅಂದ್ರೆ ನನ್ನ ಕೇಳಿ, ನನ್ನ ಫೋನಲ್ಲಿ ಸ್ಟಾಕ್ ಇದೆ.

ಡೆಸ್ಕ್_ಹಳಬ
ವಿಡಿಯೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಶನಿವಾರ ಕರೆಂಟ್ ಇದ್ದರೆ ನೆಟ್ ಇರಲ್ಲ, ನೆಟ್ ಇದ್ದರೆ ಕರೆಂಟ್ ಇರಲ್ಲ. ಕನ್ನಡದಲ್ಲೇ ಫ್ಯಾಕ್ಟ್ ಚೆಕ್ ಓದಿಸಬೇಕು ಅಂದರೆ ನ್ಯೂಸ್‌ಚೆಕರ್ ಅನ್ನೋ ಫ್ಯಾಕ್ಟ್ ಚೆಕ್ ವೆಬ್‌ಸೈಟ್ ಕನ್ನಡದಲ್ಲೂ ಇದೆ. ಅವರ ತೀರ್ಪಿನ ಸಾಲು ಮುಚ್ಚಿ, ಹುಡುಕಿದ ದಾರಿ ಮಾತ್ರ ಓದಿಸಿ. ತೀರ್ಪು ಮಕ್ಕಳೇ ಬರೀಲಿ.

ಬೀದರ್_ಬಿಸಿಲು
ಮುರ್ಕಿ ಬಗ್ಗೆ ಆ ದಿನಗಳ ಪೇಪರ್ ಕಟಿಂಗ್ ನನ್ನ ಹತ್ತಿರ ಇವೆ. ಸ್ಕ್ಯಾನ್ ಮಾಡಿ ಕಳಿಸ್ತೇನೆ. ಸತ್ತವರ ಫೋಟೊ ಇರೋದನ್ನು ತೆಗೆದೇ ಕಳಿಸ್ತೇನೆ, ಮಕ್ಕಳಿಗೆ ಅದು ಬೇಡ.

ಶಾರದೆ_ಸೊಸೆ
ಲೈಬ್ರರಿ ಟಿವಿಗೆ ಪೆನ್‌ಡ್ರೈವ್ ನೇರ ಓಡುತ್ತಾ ಅಕ್ಕಾ? ನಮ್ಮ ಕಡೆ ಟಿವಿ ಕೆಲವು ವಿಡಿಯೊ ತೆಗೆಯೋದೇ ಇಲ್ಲ.

ಅರಿವು_ಅಕ್ಕ
ಓಡಲಿಲ್ಲ, ಈಗಷ್ಟೇ ನೋಡಿದೆ. ಕಂಪ್ಯೂಟರಿಂದ ಎಚ್‌ಡಿಎಂಐ ವೈರ್ ಎಳೀಬೇಕು. ಪಂಚಾಯಿತಿಯಲ್ಲಿ ಒಂದಿದೆ, ಬಿಲ್ ಕಲೆಕ್ಟರ್ ಹತ್ರ ಕೇಳಿದ್ದೀನಿ.